ವೇದಿಕೆಗಿಂತ ಮೊದಲು ಹಾಡಿತ್ತು

ಹೊಸೂರು, ಬಾಗಲೂರು, ತಳಿ, ಕೆಲಮಂಗಲದ ಕನ್ನಡ ಮನೆಗಳಲ್ಲಿ ಅಜ್ಜಿಯೂ ಮೊಮ್ಮಗಳೂ ಒಂದೇ ಚಾಪೆಯ ಮೇಲೆ ಕುಳಿತು ನೋಡುವ ದೂರದರ್ಶನದ ಕಾರ್ಯಕ್ರಮವೊಂದಿದ್ದರೆ ಅದು ಹಾಡಿನ ಸ್ಪರ್ಧೆ. ಅದು ಮುಗಿದ ಮೇಲೆ ಮನೆಯಲ್ಲಿ ಒಂದು ಮಾತು ಹೊರಡುತ್ತದೆ: ‘ನಮ್ಮ ಮಗುವೂ ಚೆನ್ನಾಗಿ ಹಾಡುತ್ತದಲ್ಲ, ಒಮ್ಮೆ ಕಳುಹಿಸಿ ನೋಡಬಾರದೇ?’ ಅದರ ಬೆನ್ನಿಗೇ ಇನ್ನೊಂದು ಮಾತು: ‘ಕನ್ನಡ ಶಾಲೆಯ ಮಗು, ಅದೂ ತಮಿಳುನಾಡಿನದು. ಅಲ್ಲಿ ನಮ್ಮನ್ನು ಯಾರು ಕೇಳುತ್ತಾರೆ?’ ಹೊಸೂರಿನಿಂದ ಬೆಂಗಳೂರಿಗೆ ಸುಮಾರು 40 ಕಿಲೋಮೀಟರು. ಆದರೆ ಈ ಎರಡನೆಯ ಮಾತಿನಲ್ಲಿ ಅಡಗಿರುವ ದೂರ ರಸ್ತೆಯ ದೂರವಲ್ಲ. ಊರು ಚಿಕ್ಕದು, ಶಾಲೆ ಚಿಕ್ಕದು, ಮಾತು ಬೇರೆ ಎಂಬ ಅಳುಕಿನ ದೂರ ಅದು.

ಈ ಎರಡು ಮಾತುಗಳನ್ನೂ ತೂಗಿ ನೋಡಲು ಹಾವೇರಿ ಜಿಲ್ಲೆಯ ಗಾಯಕ ಹನುಮಂತ ಲಮಾಣಿಯವರ ಬದುಕು ತಕ್ಕ ನಿದರ್ಶನ. ಕುರಿ ಕಾಯುತ್ತಿದ್ದ ಯುವಕನೊಬ್ಬ ದೂರದರ್ಶನದ ಸ್ಪರ್ಧೆಯ ಮೂಲಕ ನಾಡಿಗೆಲ್ಲ ಪರಿಚಿತನಾದ ಕಥೆಯನ್ನು ಅದೃಷ್ಟದ ಕಥೆಯೆಂದು ಹೇಳುವವರು ಬಹಳ ಮಂದಿ. ಆ ಯುವಕ ವೇದಿಕೆಗೆ ತಂದದ್ದು ಏನು, ಅದನ್ನು ಎಲ್ಲಿ ಗಳಿಸಿದ್ದು ಎಂದು ಕೇಳಿಕೊಂಡವರು ಕಡಿಮೆ. ಮಕ್ಕಳನ್ನು ಓದಿಸುತ್ತಿರುವ ನಮಗೆ ಬೇಕಾದುದು ಈ ಎರಡನೆಯ ವಿಚಾರ.

ಬಡ್ನಿಯ ದಾರಿ

ಹನುಮಂತ ಅವರ ಊರು ಸವಣೂರು ತಾಲೂಕಿನ ಚಿಲ್ಲೂರು ಬಡ್ನಿ. ಜೀ ಕನ್ನಡ ವಾಹಿನಿಯ ‘ಸರಿಗಮಪ’ ಸ್ಪರ್ಧೆಯ 15ನೆಯ ಆವೃತ್ತಿಗೆ ಅವರು ಬಂದದ್ದು 2018ರಲ್ಲಿ. ಅಂಗಿ, ಲುಂಗಿ, ಮೈಮೇಲೆ ಒಂದು ಟವೆಲು, ಇದು ಅವರ ಉಡುಪು. ಕುರಿಯ ಹಿಂದೆ ತಿರುಗುವಾಗ ತೊಟ್ಟ ಬಟ್ಟೆಯ ರೀತಿಯನ್ನೇ ದೀಪಗಳ ಬೆಳಕಿನಲ್ಲಿಯೂ ಅವರು ಉಳಿಸಿಕೊಂಡರು. ಎದುರಿಗೆ ತೀರ್ಪುಗಾರರಾಗಿ ರಾಜೇಶ್ ಕೃಷ್ಣನ್, ವಿಜಯ್ ಪ್ರಕಾಶ್, ಅರ್ಜುನ್ ಜನ್ಯ. ಮಹಾಗುರುಗಳ ಪೀಠದಲ್ಲಿ ಹಂಸಲೇಖ. ಆ ಹಿರಿಯರ ಮುಂದೆ ಹನುಮಂತ ಹಾಡಿದ್ದು ತತ್ತ್ವಪದಗಳನ್ನು, ಜನಪದ ಗೀತೆಗಳನ್ನು. ಸಂಗೀತ ಶಾಲೆಯ ಮೆಟ್ಟಿಲು ಹತ್ತಿದ ಕಂಠವಲ್ಲ ಅದು. ಆದರೆ ಪದದ ಅರ್ಥ ತಿಳಿದು ಹಾಡುವ ಕಂಠವೆಂಬುದು ಕೇಳಿದವರಿಗೆ ಸ್ಪಷ್ಟವಾಗಿತ್ತು.

ಈ ಕಂಠ ಆಕಾಶದಿಂದ ಉದುರಿದ್ದಲ್ಲ. ಸವಣೂರಿಗೆ ನೆರೆಯ ತಾಲೂಕು ಶಿಗ್ಗಾವಿ. ಶಿಶುನಾಳ ಷರೀಫರ (1819–1889) ಶಿಶುವಿನಹಾಳ ಅಲ್ಲಿಯೇ ಇದೆ. ಕನಕದಾಸರ ಬಾಡವೂ ಆ ತಾಲೂಕಿನದೇ. ಅಲ್ಲಿಂದ ಹಾನಗಲ್ಲಿನ ಕಡೆಗೆ ಹೋದರೆ ಪುಟ್ಟರಾಜ ಗವಾಯಿಗಳು 1914ರಲ್ಲಿ ಹುಟ್ಟಿದ ದೇವಗಿರಿ. ಮುಸಲ್ಮಾನ ಮನೆಯಲ್ಲಿ ಹುಟ್ಟಿದ ಷರೀಫರು ಕಳಸದ ಗೋವಿಂದಭಟ್ಟರನ್ನು ಗುರುವೆಂದು ನಂಬಿದರು. ಅವರು ಕಟ್ಟಿದ ಪದಗಳು ಸಂತೆಯಿಂದ ಸಂತೆಗೆ, ಭಜನೆಯಿಂದ ಭಜನೆಗೆ ಬಾಯಿಂದ ಬಾಯಿಗೆ ದಾಟಿ ಉಳಿದವು. ಷರೀಫರು ತೀರಿಕೊಂಡು ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಸಿ. ಅಶ್ವತ್ಥ್ ಅವರ ಕಂಠ ಮತ್ತು ಧ್ವನಿಸುರುಳಿಗಳು ಆ ಪದಗಳನ್ನು ಪಟ್ಟಣದ ಮನೆಗಳಿಗೆ ತಲಪಿಸಿದವು. ಆದರೆ ಆ ಸೀಮೆಯ ಹೊಲಗದ್ದೆಗಳಲ್ಲಿ ಅವು ಎಂದೂ ಮೌನವಾಗಿರಲಿಲ್ಲ. ಅಂಥ ನೆಲದಲ್ಲಿ ಕುರಿ ಕಾಯುವವನ ಕಿವಿಗೆ ಬಿದ್ದದ್ದು ಯಾವ ಪಾಠಶಾಲೆಯ ಪಾಠಕ್ಕೂ ಕಡಿಮೆಯದಲ್ಲ.

ಮನೆಮಾತು, ಊರಮಾತು

ಗಡಿನಾಡಿನ ನಮ್ಮಂಥವರು ವಿಶೇಷವಾಗಿ ಗಮನಿಸಬೇಕಾದ ಅಂಶ ಇನ್ನೊಂದಿದೆ. ಹನುಮಂತ ಅವರು ಲಂಬಾಣಿ ಸಮುದಾಯದವರು. ಲಂಬಾಣಿ ತಾಂಡಾಗಳಲ್ಲಿ ಮನೆಯೊಳಗಿನ ಮಾತು ಲಂಬಾಣಿ. ಸಂತೆ, ಶಾಲೆ, ಕಚೇರಿಗಳ ಮಾತು ಕನ್ನಡ. ಆ ಮನೆಮಾತಿಗೆ ತನ್ನದೆಂಬ ಲಿಪಿಯಿಲ್ಲ. ಕರ್ನಾಟಕದಲ್ಲಿ ಅದನ್ನು ಬರೆಯಬೇಕಾದಾಗ ಬಹುಮಟ್ಟಿಗೆ ಕನ್ನಡ ಅಕ್ಷರಗಳನ್ನೇ ಬಳಸುತ್ತಾರೆ. ಅಂದರೆ ಕನ್ನಡ ನಾಡು ಅಪ್ಪಟ ಹಳ್ಳಿಯ ಕನ್ನಡ ದನಿಯೆಂದು ಎದೆಗಪ್ಪಿಕೊಂಡ ಗಾಯಕರು ಎರಡು ಮಾತುಗಳ ನಡುವೆ ಬೆಳೆಯುವ ಸಮುದಾಯದಿಂದ ಬಂದವರು.

ನಮ್ಮ ಪ್ರಾಂತ್ಯದ ಸ್ಥಿತಿ ಇದಕ್ಕೆ ದೂರವಾದುದಲ್ಲ. ಮನೆಯಲ್ಲಿ ಕನ್ನಡ ಅಥವಾ ತೆಲುಗು, ಬೀದಿಯಲ್ಲಿ ತಮಿಳು, ಮಸೀದಿಯ ಓಣಿಯಲ್ಲಿ ಉರ್ದು, ಕಾರ್ಖಾನೆಯ ಬಾಗಿಲಲ್ಲಿ ಹಿಂದಿ. ಎರಡು ಮೂರು ಮಾತುಗಳ ನಡುವೆ ಬೆಳೆಯುವುದನ್ನು ನಾವು ಕೊರತೆಯೆಂದು ಎಣಿಸುತ್ತ ಬಂದಿದ್ದೇವೆ. ಹಾಡುವವರಿಗೆ ಅದು ಕೊರತೆಯಲ್ಲ, ಕಿವಿಯ ಸಂಪತ್ತು. ಡಾ. ರಾಜಕುಮಾರ್ ಅವರ ಚಿತ್ರಗಳಿಗೆ ವರ್ಷಗಟ್ಟಲೆ ಹಾಡಿದ ಪಿ. ಬಿ. ಶ್ರೀನಿವಾಸ್ ಅವರದು ಆಂಧ್ರದ ಕಾಕಿನಾಡ. ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮದಲ್ಲಿ ಕನ್ನಡದ ಮಕ್ಕಳನ್ನು ತಿದ್ದಿ ತೀಡಿದ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರ ಮನೆಮಾತು ತೆಲುಗು. ಇಬ್ಬರೂ ಕನ್ನಡವನ್ನು ಕಲಿತು, ಅದರ ಒಂದೊಂದು ಅಕ್ಷರಕ್ಕೂ ಮರ್ಯಾದೆ ಕೊಟ್ಟು ಹಾಡಿದವರು.

ಇನ್ನು ರಾಜಕುಮಾರ್ ಅವರ ಗಾಜನೂರಾದರೂ ಎಲ್ಲಿದೆ? ತಾಳವಾಡಿ ಸೀಮೆಯಲ್ಲಿ, ಇಂದಿನ ತಮಿಳುನಾಡಿನ ಗಡಿಯೊಳಗೆ. ಅವರಿಗೆ ಶಾಲೆಯ ಓದು ಹೆಚ್ಚು ದಕ್ಕಲಿಲ್ಲ. ಗುಬ್ಬಿ ವೀರಣ್ಣನವರ ನಾಟಕ ಕಂಪನಿಯೇ ಶಾಲೆಯಾಯಿತು. 1954ರಲ್ಲಿ ‘ಬೇಡರ ಕಣ್ಣಪ್ಪ’ನಾಗಿ ತೆರೆಗೆ ಬಂದ ಅವರು ಚಿತ್ರಗಳಲ್ಲಿ ತಮ್ಮ ಹಾಡುಗಳನ್ನು ತಾವೇ ನಿರಂತರವಾಗಿ ಹಾಡತೊಡಗಿದ್ದು 1974ರ ‘ಸಂಪತ್ತಿಗೆ ಸವಾಲ್’ ಚಿತ್ರದ ತರುವಾಯ. ನಡುವೆ 20 ವರ್ಷ. ಆ ಮೇಲೆ ‘ಜೀವನ ಚೈತ್ರ’ದ ಹಾಡಿಗೆ ಶ್ರೇಷ್ಠ ಹಿನ್ನೆಲೆ ಗಾಯಕನೆಂಬ ರಾಷ್ಟ್ರಪ್ರಶಸ್ತಿಯೂ ಬಂದಿತು. ಗಡಿಯಾಚೆಯ ಹಳ್ಳಿಯೆಂಬುದು ಆ ಕಂಠಕ್ಕೆ ಅಡ್ಡಿಯಾಗಲಿಲ್ಲ. ನಾಟಕ ಕಂಪನಿಯಲ್ಲಿ ಪಳಗಿದ ವರ್ಷಗಳು ವ್ಯರ್ಥವೂ ಆಗಲಿಲ್ಲ.

ಎರಡನೆಯ ಸ್ಥಾನದ ಪಾಠ

ಸರಿಗಮಪದ ಆ ಆವೃತ್ತಿ 2019ರ ಆರಂಭದಲ್ಲಿ ಮುಗಿಯಿತು. ಗೆದ್ದವರು ಕೀರ್ತನ್ ಹೊಳ್ಳ. ಹನುಮಂತ ಅವರದು ಎರಡನೆಯ ಸ್ಥಾನ. ನೋಡುವವರಿಗೆ ಕೊನೆಯ ರಾತ್ರಿಯ ಫಲಿತಾಂಶವೇ ದೊಡ್ಡದಾಗಿ ಕಾಣುತ್ತದೆ. ಹಾಡುವವರಿಗೆ ದೊಡ್ಡದು ಅದಕ್ಕಿಂತ ಮುಂಚಿನ ತಿಂಗಳುಗಳು. ಆಡಿಷನ್ನಿನಲ್ಲಿ ಆಯ್ಕೆಯಾದ ಮೇಲೆ ವಾರವಾರವೂ ಹೊಸ ಹಾಡು, ಹೊಸ ಬಗೆ. ಒಂದು ವಾರ ಜನಪದ, ಇನ್ನೊಂದು ವಾರ ಚಿತ್ರಗೀತೆ, ಮತ್ತೊಂದು ವಾರ ಜೋಡಿ ಗಾಯನ. ಹೊಲದಲ್ಲಿ ಹಾಡುವವನು ತನಗೆ ಒಗ್ಗಿದ ಶ್ರುತಿಯಲ್ಲಿ, ತನ್ನ ಉಸಿರಿಗೆ ಹೊಂದುವ ಗತಿಯಲ್ಲಿ ಹಾಡುತ್ತಾನೆ. ವೇದಿಕೆಯಲ್ಲಿ ವಾದ್ಯವೃಂದ ಹಿಡಿದ ಶ್ರುತಿಗೆ, ಎಣಿಸಿದ ಮಾತ್ರೆಗೆ ಕಂಠವನ್ನು ಒಗ್ಗಿಸಬೇಕು. ಇಂಥ ಕಡೆ ನಿಲ್ಲಬೇಕು, ಇಂಥ ಕಡೆ ಮತ್ತೆ ಎತ್ತಿಕೊಳ್ಳಬೇಕು. ಈ ಶಿಸ್ತು ಹಾಡಿಗೆ ಒಂದು ಹದವನ್ನು ಕೊಡುತ್ತದೆ. ಆದರೆ ಹದಗೊಳಿಸಲು ಮೊದಲು ಹಾಡು ಇರಬೇಕು.

ಹನುಮಂತ ಅವರ ಹೆಸರು ಮತ್ತೊಮ್ಮೆ ಮನೆಮನೆಗೆ ಬಂದದ್ದು 2024ರ ಅಕ್ಟೋಬರಿನಲ್ಲಿ. ಕಲರ್ಸ್ ಕನ್ನಡದ ಬಿಗ್ ಬಾಸ್ 11ನೆಯ ಆವೃತ್ತಿ ಆರಂಭವಾಗಿ ಕೆಲವು ವಾರಗಳಾದ ಮೇಲೆ ಅವರು ನಡುವಿನಿಂದ ಮನೆಯೊಳಗೆ ಹೋದರು. 2025ರ ಜನವರಿ 26ರಂದು ವಿಜೇತರೆಂದು ಘೋಷಿತರಾದರು. ಬಹುಮಾನ 50 ಲಕ್ಷ ರೂಪಾಯಿ. ಬಂದ ಮತಗಳು 5 ಕೋಟಿ 23 ಲಕ್ಷಕ್ಕೂ ಹೆಚ್ಚು. ಒಬ್ಬರೇ ಹಲವು ಮತ ಹಾಕಬಹುದಾದ ಪದ್ಧತಿಯಾದುದರಿಂದ ಇದು ಜನರ ಎಣಿಕೆಯಲ್ಲ, ಮತಗಳ ಎಣಿಕೆ. ಆದರೂ ಸಂಖ್ಯೆ ಸಣ್ಣದಲ್ಲ. ಬಿಗ್ ಬಾಸ್ ಹಾಡಿನ ಸ್ಪರ್ಧೆಯಲ್ಲ. ಅಲ್ಲಿ ಪರೀಕ್ಷೆಗೆ ಒಳಗಾಗುವುದು ಮನುಷ್ಯನ ನಡವಳಿಕೆ. ಹಾಡಿನ ವೇದಿಕೆಯಲ್ಲಿ ಮೊದಲನೆಯವರಾಗದ ವ್ಯಕ್ತಿ ಆರು ವರ್ಷಗಳಾದ ಬಳಿಕ ಇಷ್ಟು ಜನರ ನೆನಪಿನಲ್ಲಿ ಉಳಿದಿದ್ದರೆಂಬುದನ್ನು ಮಕ್ಕಳಿಗೆ ತಿಳಿಯಹೇಳಬೇಕು. ಫಲಿತಾಂಶದ ರಾತ್ರಿ ಅಳುವ ಮಗುವಿಗೆ ಇದಕ್ಕಿಂತ ಒಳ್ಳೆಯ ಸಮಾಧಾನ ಸಿಗಲಾರದು.

ಗಾಜಾದ ಮದುವೆ ಮನೆಗಳಿಂದ

ಇದು ಕನ್ನಡ ನಾಡೊಂದಕ್ಕೇ ಸಲ್ಲುವ ಮಾತಲ್ಲ. ಪ್ಯಾಲೆಸ್ತೀನಿನ ಮೊಹಮ್ಮದ್ ಅಸ್ಸಾಫ್ ಅವರ ಬದುಕೂ ಇದೇ ದಾರಿಯದು. 1989ರಲ್ಲಿ ಲಿಬಿಯಾದ ಮಿಸ್ರಾತಾದಲ್ಲಿ ಹುಟ್ಟಿದ ಅವರು ಬೆಳೆದದ್ದು ಗಾಜಾದ ಖಾನ್ ಯೂನಿಸ್ ನಿರಾಶ್ರಿತರ ಶಿಬಿರದಲ್ಲಿ. ಅಲ್ಲಿಯ ಮದುವೆ ಮನೆಗಳಲ್ಲಿ ಹಾಡುತ್ತ ಹಾಡುತ್ತ ಅವರ ಕಂಠ ಪಳಗಿತು. 2013ರ ‘ಅರಬ್ ಐಡಲ್’ ಸ್ಪರ್ಧೆಯ ಆಯ್ಕೆಗೆಂದು ಗಾಜಾದಿಂದ ಈಜಿಪ್ಟಿನ ಕೈರೋಗೆ ಹೊರಟಾಗ ಗಡಿಯಲ್ಲಿ ತಡವಾಯಿತು. ತಲಪುವಷ್ಟರಲ್ಲಿ ಹೋಟೆಲಿನ ಬಾಗಿಲು ಮುಚ್ಚಿತ್ತು. ಗೋಡೆ ಹಾರಿ ಒಳಗೆ ಹೋದರೆ ಸರದಿಯ ಚೀಟಿಗಳು ಮುಗಿದಿದ್ದವು. ಕಾಯುತ್ತಿದ್ದವರ ನಡುವೆಯೇ ನಿಂತು ಅವರು ಹಾಡತೊಡಗಿದರು. ಅದನ್ನು ಕೇಳಿದ ಇನ್ನೊಬ್ಬ ಪ್ಯಾಲೆಸ್ತೀನಿ ಯುವಕ, ತಾನೂ ಸ್ಪರ್ಧಿಯಾಗಿ ಬಂದವನು, ತನ್ನ ಚೀಟಿಯನ್ನೇ ಅಸ್ಸಾಫ್ ಅವರ ಕೈಗಿತ್ತನು. ತನಗಿಂತ ಇವನೇ ಮುಂದೆ ಹೋಗಬೇಕಾದವನು ಎಂದು ಅವನಿಗೆ ಅನ್ನಿಸಿತ್ತು.

ಆ ವರ್ಷದ ಜೂನ್ 22ರಂದು ಲೆಬನಾನಿನ ಬೈರೂತ್ ನಗರದಲ್ಲಿ ನಡೆದ ಅಂತಿಮ ಸುತ್ತಿನಲ್ಲಿ ಅಸ್ಸಾಫ್ ಗೆದ್ದರು. ಗಾಜಾದ ಬೀದಿಗಳಲ್ಲಿ ಜನ ಕುಣಿದರು. ಪ್ಯಾಲೆಸ್ತೀನಿ ನಿರಾಶ್ರಿತರಿಗಾಗಿ ಇರುವ ವಿಶ್ವಸಂಸ್ಥೆಯ ಸಂಸ್ಥೆಯು ಅವರನ್ನು ತನ್ನ ಯುವ ರಾಯಭಾರಿಯನ್ನಾಗಿ ಮಾಡಿಕೊಂಡಿತು. 2015ರಲ್ಲಿ ನಿರ್ದೇಶಕ ಹಾನಿ ಅಬು ಅಸ್ಸಾದ್ ಅವರ ಬದುಕನ್ನು ಆಧರಿಸಿ ಚಲನಚಿತ್ರವೊಂದನ್ನು ತೆಗೆದರು. 2017ರಲ್ಲಿ ಅದೇ ಸ್ಪರ್ಧೆಯನ್ನು ಬೆತ್ಲೆಹೇಮಿನ ಯಾಕೂಬ್ ಶಾಹೀನ್ ಗೆದ್ದರು. ಅಸ್ಸಾಫ್ ಅವರ ಗೆಲುವಿನ ಬಗ್ಗೆ ಮಾತಾಡುವವರು ಗೋಡೆ ಹಾರಿದ ಸಾಹಸವನ್ನು ಹೇಳುತ್ತಾರೆ. ಅದಕ್ಕಿಂತ ಮುಂಚಿನ ಮದುವೆ ಮನೆಗಳನ್ನು ಮರೆಯಬಾರದು. ಚೀಟಿ ಕೊಟ್ಟವನು ಮಾರುಹೋದದ್ದು ಗೋಡೆ ಹಾರಿದ ಕಾಲಿಗಲ್ಲ, ಆ ಮನೆಗಳಲ್ಲಿ ಪಳಗಿದ ಕಂಠಕ್ಕೆ.

ನಮ್ಮ ತಮಿಳುನಾಡಿನಲ್ಲಿಯೂ ಇದಕ್ಕೆ ಸಾಕ್ಷಿಯುಂಟು. ವಿಜಯ್ ಟೀವಿಯ ‘ಸೂಪರ್ ಸಿಂಗರ್’ ಸ್ಪರ್ಧೆಯ ಆರನೆಯ ಆವೃತ್ತಿಯನ್ನು 2018ರಲ್ಲಿ ಗೆದ್ದ ಸೆಂದಿಲ್ ಗಣೇಶ್ ಪುದುಕೋಟೆ ಜಿಲ್ಲೆಯ ಜನಪದ ಗಾಯಕರು. ಪತ್ನಿ ರಾಜಲಕ್ಷ್ಮಿಯವರೊಂದಿಗೆ ಹಳ್ಳಿಯ ವೇದಿಕೆಗಳಲ್ಲಿ ಬಹುಕಾಲ ಹಾಡಿದ ಮೇಲೆ ಅವರು ದೂರದರ್ಶನಕ್ಕೆ ಬಂದದ್ದು. ಹನುಮಂತ ಅವರು ಕನ್ನಡದಲ್ಲಿ ಪದ ಹಾಡಿದ ವರ್ಷವೇ ಇವರು ತಮಿಳಿನಲ್ಲಿ ನಾಟುಪ್ಪುರ ಹಾಡು ಹಾಡಿ ಗೆದ್ದರು. ಮೂರು ನಾಡು, ಮೂರು ಭಾಷೆ, ಮೂರು ವಾಹಿನಿ. ವೇದಿಕೆಗೆ ಮುನ್ನ ಹಾಡು ಇತ್ತು ಎಂಬುದು ಮಾತ್ರ ಮೂರೂ ಕಡೆ ಒಂದೇ.

ಅಕ್ಷರ ಬಲ್ಲ ಕಂಠ

ಹಾಗಾದರೆ ನಮ್ಮ ಮಕ್ಕಳ ಬಳಿ ಇರುವ ಹಾಡು ಯಾವುದು? ನಮ್ಮ ಹಳ್ಳಿಗಳಲ್ಲಿ ಮದುವೆಯ ಸೋಬಾನೆ ಪದ ಬಲ್ಲ ಅಜ್ಜಿಯರು ಇನ್ನೂ ಇದ್ದಾರೆ. ರಾಗಿ ಬೀಸುವ ಕಲ್ಲು ಮೂಲೆ ಸೇರಿದರೂ ಬೀಸುವ ಪದದ ನಾಲ್ಕು ನುಡಿ ಅವರ ನಾಲಗೆಯಲ್ಲಿ ಉಳಿದಿದೆ. ಮಲೆ ಮಹದೇಶ್ವರನ ಒಕ್ಕಲುಗಳು ಗಡಿಯ ಈಚೆಯೂ ಉಂಟು. ಊರೂರಿನ ಭಜನೆ ಮನೆಗಳಲ್ಲಿ ದಾಸರ ಪದಗಳು ಉಂಟು. ಇವುಗಳನ್ನು ಬಿಟ್ಟು, ನಿನ್ನೆ ಬಿಡುಗಡೆಯಾದ ಚಿತ್ರಗೀತೆಯನ್ನು ಮೊಬೈಲಿನಿಂದ ಕೇಳಿ ಯಥಾವತ್ತಾಗಿ ಒಪ್ಪಿಸಲು ಮಗುವನ್ನು ಸಿದ್ಧಗೊಳಿಸಿದರೆ, ಅದೇ ಹಾಡನ್ನು ಒಪ್ಪಿಸುವ ನೂರಾರು ಮಕ್ಕಳಲ್ಲಿ ಅದೂ ಒಂದಾಗುತ್ತದೆ. ಅಜ್ಜಿಯ ಪದ ಹಾಡುವ ಮಗು ತೀರ್ಪುಗಾರರು ಹಿಂದೆ ಕೇಳಿರದ ಒಂದನ್ನು ಒಯ್ದಂತಾಗುತ್ತದೆ.

ಇಲ್ಲಿ ಕನ್ನಡ ಶಾಲೆಯ ಪಾತ್ರ ದೊಡ್ಡದು. ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯಿದೆಯ ತರುವಾಯ ನಮ್ಮ ಮಕ್ಕಳು ಒಂದನೆಯ ತರಗತಿಯಿಂದಲೇ ತಮಿಳನ್ನು ಕಲಿಯುತ್ತ ಬಂದಿದ್ದಾರೆ. ನಾಡಿನ ಭಾಷೆ ತಿಳಿದಿರಬೇಕಾದದ್ದೇ. ಆದರೆ ತಮಿಳು ಲಿಪಿಯಲ್ಲಿ ತ, ಥ, ದ, ಧ ಎಂಬ ನಾಲ್ಕು ಧ್ವನಿಗಳಿಗೂ ಒಂದೇ ಅಕ್ಷರ. ಕ, ಖ, ಗ, ಘಗಳಿಗೂ ಹಾಗೆಯೇ. ತಮಿಳಿಗೆ ಅದು ಸಾಕು. ಕನ್ನಡ ಹಾಡನ್ನು ತಮಿಳು ಅಕ್ಷರದಲ್ಲಿ ಬರೆದುಕೊಂಡು ಕಲಿತ ಮಗುವಿಗೆ ಮಾತ್ರ ‘ದನ’ ಯಾವುದು, ‘ಧನ’ ಯಾವುದು ಎಂಬುದು ಕಾಗದದ ಮೇಲೆ ಕಾಣಿಸದು. ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡರೆ ‘ಹಲ್ಲಿ’ಗೂ ‘ಹಳ್ಳಿ’ಗೂ ವ್ಯತ್ಯಾಸ ಉಳಿಯದು. ಕನ್ನಡ ಬರೆಯಲು, ಓದಲು ಬಲ್ಲ ಮಗು ಪದದ ನಿಜವಾದ ರೂಪವನ್ನು ಕಣ್ಣಿನಿಂದ ಕಂಡು ಕಂಠಕ್ಕೆ ತಂದುಕೊಳ್ಳುತ್ತದೆ. ಕನ್ನಡ ಮಾಧ್ಯಮದಿಂದ ಏನು ಪ್ರಯೋಜನವೆಂದು ಕೇಳುವವರಿಗೆ ಕೊಡಬಹುದಾದ ಉತ್ತರಗಳಲ್ಲಿ ಇದೂ ಒಂದು.

ಹೆತ್ತವರು ತಿಳಿದಿರಬೇಕಾದದ್ದು

ಮಗುವನ್ನು ಕಳುಹಿಸಲು ನಿಶ್ಚಯಿಸಿದವರಿಗೆ ಕಾನೂನಿನ ರಕ್ಷಣೆಯೂ ಉಂಟು. ಬಾಲಕಾರ್ಮಿಕ ನಿಷೇಧ ಮತ್ತು ನಿಯಂತ್ರಣ ಕಾಯಿದೆಗೆ 2016ರಲ್ಲಿ ತಿದ್ದುಪಡಿಯಾಯಿತು. 2017ರಲ್ಲಿ ನಿಯಮಗಳು ಬಂದವು. 14 ವರ್ಷ ತುಂಬದ ಮಕ್ಕಳು ಕಲಾವಿದರಾಗಿ ಪಾಲ್ಗೊಳ್ಳುವ ಕಾರ್ಯಕ್ರಮಗಳಿಗೆ ಆ ನಿಯಮಗಳು ಅನ್ವಯಿಸುತ್ತವೆ. ದಿನಕ್ಕೆ 5 ಗಂಟೆಗಿಂತ ಹೆಚ್ಚು ದುಡಿಸಕೂಡದು. ವಿಶ್ರಾಂತಿಯಿಲ್ಲದೆ 3 ಗಂಟೆ ಮೀರಕೂಡದು. ಸತತವಾಗಿ 27 ದಿನಕ್ಕಿಂತ ಹೆಚ್ಚು ತೊಡಗಿಸಕೂಡದು. ಚಿತ್ರೀಕರಣ ನಡೆಯುವ ಜಿಲ್ಲೆಯ ದಂಡಾಧಿಕಾರಿಗಳ ಅನುಮತಿಯನ್ನು ಕಾರ್ಯಕ್ರಮದ ನಿರ್ಮಾಪಕರು ಪಡೆಯಬೇಕು. ಮಗುವಿನ ಸಂಪಾದನೆಯಲ್ಲಿ ಕನಿಷ್ಠ ಶೇಕಡ 20 ಭಾಗವನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೇ ನಿಶ್ಚಿತ ಠೇವಣಿಯಾಗಿ ಇಡಬೇಕು. ಶಾಲೆಯ ಪಾಠ ತಪ್ಪದಂತೆ ವ್ಯವಸ್ಥೆಯಾಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮಗುವಿನ ಇಷ್ಟಕ್ಕೆ ವಿರುದ್ಧವಾಗಿ ಅದನ್ನು ತೊಡಗಿಸುವಂತಿಲ್ಲ. ಒಪ್ಪಂದದ ಕಾಗದಕ್ಕೆ ಸಹಿ ಹಾಕುವ ಮುನ್ನ ಈ ಅಂಶಗಳನ್ನು ಒಂದೊಂದಾಗಿ ಕೇಳುವ ಹಕ್ಕು ತಂದೆ ತಾಯಿಯರಿಗಿದೆ. ಕೇಳಿದರೆ ಅವಕಾಶ ತಪ್ಪೀತೆಂದು ಹೆದರಬೇಕಾಗಿಲ್ಲ.

ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಆಡಿಷನ್ನಿಗೆ ಹೋದವರಲ್ಲಿ ಬಹುಪಾಲು ಮಂದಿ ಅಂದೇ ಮನೆಗೆ ಮರಳುತ್ತಾರೆ. ಆಯ್ಕೆಯಾದವರಲ್ಲಿಯೂ ಹಾಡಿನಿಂದಲೇ ಜೀವನ ಸಾಗಿಸುವವರು ಕೆಲವರು. ಜಾತ್ರೆ, ಉತ್ಸವ, ರಾಜ್ಯೋತ್ಸವಗಳ ವೇದಿಕೆಗಳಿಗೆ ಕರೆ ಬರುವುದು ಕೆಲವು ಕಾಲ. ಮುಂದಿನ ಆವೃತ್ತಿ ಆರಂಭವಾದಾಗ ಜನರ ಕಣ್ಣು ಹೊಸ ಮುಖಗಳ ಕಡೆಗೆ ಹೊರಳುತ್ತದೆ. ಆದುದರಿಂದ ಹತ್ತನೆಯ ತರಗತಿಯ ಪರೀಕ್ಷೆಯನ್ನು ಸ್ಪರ್ಧೆಗಾಗಿ ಬಲಿಕೊಡುವುದು ಸಲ್ಲದು. ಹಾಗೆಯೇ, ಆಯ್ಕೆಯಾಗದ ಮಗುವಿನ ಎದುರು ‘ನಿನ್ನಿಂದ ಆಗಲಿಲ್ಲ’ ಎಂಬ ಮಾತೂ ಸಲ್ಲದು. ತೀರ್ಪುಗಾರರು ಅಳೆಯುವುದು ಆ ಕ್ಷಣದ ಹಾಡನ್ನು, ಮಗುವನ್ನಲ್ಲ.

ಸ್ಪರ್ಧೆಗೆ ಹೋಗಲಿ ಬಿಡಲಿ, ಮಾಡಬಹುದಾದ ಕೆಲಸವೊಂದು ಪ್ರತಿ ಮನೆಯಲ್ಲಿಯೂ ಇದೆ. ಮಗುವಿನ ಕೈಗೆ ಒಂದು ಖಾಲಿ ಪುಸ್ತಕ ಕೊಟ್ಟು ಅಜ್ಜಿಯ ಬಳಿ ಕೂರಿಸಬೇಕು. ಅಜ್ಜಿ ಹಾಡಿದ ಪದವನ್ನು ಮಗು ಕನ್ನಡ ಅಕ್ಷರದಲ್ಲಿ ತಾನೇ ಬರೆದುಕೊಳ್ಳಲಿ. ತಿಳಿಯದ ಮಾತಿನ ಅರ್ಥವನ್ನು ಕೇಳಿ ಪಕ್ಕದಲ್ಲಿ ಗುರುತು ಹಾಕಿಕೊಳ್ಳಲಿ. ಮರುದಿನ ಶಾಲೆಯ ಪ್ರಾರ್ಥನೆಯ ಹೊತ್ತಿನಲ್ಲಿ ಮೇಷ್ಟರ ಮುಂದೆ ಹಾಡಲಿ. ವರ್ಷ ತುಂಬುವುದರೊಳಗೆ ಹತ್ತು ಹದಿನೈದು ಪದಗಳಾದರೂ ಆ ಪುಸ್ತಕ ಸೇರುತ್ತವೆ. ಹಾಡಿದ ಅಜ್ಜಿಯ ಹೆಸರನ್ನೂ ಊರನ್ನೂ ದಿನಾಂಕವನ್ನೂ ಪ್ರತಿ ಪದದ ಕೆಳಗೆ ಬರೆದಿಡುವುದನ್ನು ಮರೆಯಬಾರದು.